650 ಟ್ವಿನ್‌ಗೆ ಯಾವ ಟ್ಯೂನಿಂಗ್? ಡೈನೊ ಹಾಳೆ ಓದಿ ಆರಿಸುವ ಬಗೆ

ಮೊನ್ನೆ ಹಾಸನದ ಓದುಗರೊಬ್ಬರು ಎರಡು ಡೈನೊ ಹಾಳೆಗಳ, ಅಂದರೆ ಗಾಡಿಯ ಶಕ್ತಿ ಅಳೆಯುವ ಯಂತ್ರ ಕೊಟ್ಟ ಹಾಳೆಗಳ, ಫೋಟೊ ಕಳಿಸಿದ್ದರು. ಎರಡೂ ಅವರ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಗಾಡಿಯವೇ. ಬೆಂಗಳೂರಿನ ಎರಡು ಬೇರೆ ಬೇರೆ ಗ್ಯಾರೇಜ್‌ಗಳಲ್ಲಿ ತೆಗೆಸಿದ್ದು. ಒಂದರಲ್ಲಿ 42 ಬಿಎಚ್‌ಪಿ, ಇನ್ನೊಂದರಲ್ಲಿ 40. “42 ತೋರಿಸಿರೋ ಕಡೆಯೇ ಟ್ಯೂನಿಂಗ್ ಮಾಡಿಸ್ಲಾ ಸಾರ್? ಇಲ್ಲಾ ಸೈಲೆನ್ಸರ್ ಒಂದು ಹಾಕಿಸಿ ಸುಮ್ನಾಗ್ಲಾ?” ಅಂತ ಕೇಳಿದ್ದರು.

ಇಂಥ ಪ್ರಶ್ನೆಗಳು ನನಗೆ ಆಗಾಗ ಬರುತ್ತವೆ. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಗಾಡಿ ಇನ್ನೂ ಚುರುಕಾಗಬೇಕು ಅನ್ನುವ ಆಸೆ ಇದೆ. ಆದರೆ ಸೈಲೆನ್ಸರ್, ಫ್ಯೂಯಲ್ ಕಂಟ್ರೋಲರ್, ರೀಮ್ಯಾಪ್, ಬಿಗ್ ಬೋರ್ ಎಂದು ಆಯ್ಕೆ ಹತ್ತಾರು. ಪ್ರತಿಯೊಬ್ಬರೂ ಒಂದೊಂದು ಹಾಳೆ ತೋರಿಸಿ “ನೋಡಿ, ಇಷ್ಟು ಏರಿದೆ” ಅನ್ನುತ್ತಾರೆ. ಇಲ್ಲಿ ನಾನು ಎರಡು ಸಿಲಿಂಡರಿನ ಈ 650 ಟ್ವಿನ್ ಎಂಜಿನ್ನನ್ನೇ ಹಿಡಿದುಕೊಂಡು ಬರೆಯುತ್ತೇನೆ. ಯಾಕೆಂದರೆ ವರ್ಷಗಳಿಂದ ನಾನು ಓಡಿಸುತ್ತಿರುವುದು ಅದನ್ನೇ. ಕಾಂಟಿನೆಂಟಲ್ ಜಿಟಿಯದ್ದೂ ಇದೇ ಎಂಜಿನ್. ನಿಮ್ಮದು ಕೆಟಿಎಂ 390 ಆಗಿರಲಿ, ಅಪಾಚೆ ಆಗಿರಲಿ, ಹಾಳೆ ಓದುವ ಬಗೆ ಬದಲಾಗುವುದಿಲ್ಲ.

ಮೊದಲು ನಿಮ್ಮ ಅಗತ್ಯ

ಯಾವುದನ್ನು ಹಾಕಿಸಬೇಕು ಅನ್ನುವುದಕ್ಕೆ ಮೊದಲು ನಾಲ್ಕು ವಿಷಯ ನಿಮಗೆ ನೀವೇ ಕೇಳಿಕೊಳ್ಳಿ.

ಮೊದಲನೆಯದು, ಗಾಡಿ ಹೆಚ್ಚು ಹೊತ್ತು ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಇರುತ್ತದೆ? ಥ್ರಾಟಲ್ ಎಷ್ಟು ತಿರುಗಿರುತ್ತದೆ? ಉಳಿದ ಮೂರಕ್ಕಿಂತ ಇದೇ ದೊಡ್ಡದು. ಸಿಲ್ಕ್ ಬೋರ್ಡ್ ಕಡೆ ದಿನಾ ಆಫೀಸಿಗೆ ಹೋಗುವವರು 2,000ದಿಂದ 4,000 ಆರ್‌ಪಿಎಂ ಒಳಗೇ ಬದುಕುತ್ತಾರೆ. ಥ್ರಾಟಲ್ ಕಾಲು ಭಾಗ ದಾಟುವುದೇ ಅಪರೂಪ. ತುಮಕೂರು ಹೆದ್ದಾರಿಯಲ್ಲಿ ಓಡಿಸುವವರದ್ದು ಇನ್ನೊಂದು ಲೆಕ್ಕ. ಶಿರಾಡಿ, ಚಾರ್ಮಾಡಿ ಹತ್ತಿ ಇಳಿಯುವವರಿಗೆ ಬೇಕಾಗಿದ್ದು ತಿರುವಿನಿಂದ ಹೊರಬರುವಾಗ ಸಿಗುವ ಎಳೆತ.

ಎರಡನೆಯದು ದುಡ್ಡು. ಸಾಮಾನಿನ ಬೆಲೆಯೊಂದೇ ಅಲ್ಲ, ಡೈನೊ ಬಾಡಿಗೆ, ಕೂಲಿ, ಆಮೇಲೆ ಸರಿಪಡಿಸುವ ಖರ್ಚು ಎಲ್ಲವೂ ಸೇರಬೇಕು.

ಮೂರನೆಯದು, ಬೇಡ ಅನಿಸಿದರೆ ಮೊದಲಿನ ಸ್ಥಿತಿಗೆ ತರಬಹುದಾ? ವಾರಂಟಿ ಇನ್ನೂ ಇದ್ದರೆ ಇದು ತುಂಬಾ ಮುಖ್ಯ.

ನಾಲ್ಕನೆಯದು ಕಾನೂನು ಮತ್ತು ಅಕ್ಕಪಕ್ಕದ ಮನೆಯವರ ನಿದ್ದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಅಂಥ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. 175 ಸಿಸಿ ಮೀರಿದ ಬೈಕಿಗೆ ಶಬ್ದದ ಮಿತಿ 80 ಡೆಸಿಬಲ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಗೊತ್ತಿರಲಿಲ್ಲ ಅನ್ನುವ ಹಾಗಾಗಬಾರದು, ಅಲ್ವಾ?

ಹಾಳೆಯಲ್ಲಿ ನಿಜವಾಗಿ ಏನಿರುತ್ತದೆ

ಡೈನೊ ಅಂದರೆ ಹಿಂದಿನ ಚಕ್ರವನ್ನು ಭಾರಿ ರೋಲರ್ ಮೇಲೆ ನಿಲ್ಲಿಸಿ, ಗಾಡಿಯನ್ನು ಬೆಲ್ಟ್‌ನಿಂದ ಬಿಗಿದು, ಗೇರ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಅಳೆಯುವ ಯಂತ್ರ. 1821ರಲ್ಲಿ ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೋನಿ ತಿರುಗುವ ಚಕ್ರಕ್ಕೆ ಮರದ ಬ್ರೇಕ್ ಒತ್ತಿ ಎಂಜಿನ್‌ನ ಶಕ್ತಿ ಅಳೆದಿದ್ದ. ಬ್ರೇಕ್ ಹಾರ್ಸ್‌ಪವರ್, ಅಂದರೆ ನಮ್ಮ ಬಿಎಚ್‌ಪಿಯಲ್ಲಿರುವ ‘ಬಿ’ ಆ ಬ್ರೇಕಿನದೇ.

ಮೊದಲು ಒಂದು ಸಂಶಯ ಬಗೆಹರಿಸೋಣ. 2018ರಲ್ಲಿ ಇಂಟರ್‌ಸೆಪ್ಟರ್ ಬಂದಾಗ ಕಂಪನಿ ಹೇಳಿದ್ದು 7,250 ಆರ್‌ಪಿಎಂನಲ್ಲಿ 47 ಬಿಎಚ್‌ಪಿ, 5,250ರಲ್ಲಿ 52 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಇದು ಎಂಜಿನ್‌ನ ಕ್ರ್ಯಾಂಕ್ ದಂಡದಲ್ಲೇ ಅಳೆದಿದ್ದು. ಡೈನೊ ಅಳೆಯುವುದು ಚಕ್ರದಲ್ಲಿ. ನಡುವೆ ಗೇರ್‌ಬಾಕ್ಸ್, ಚೈನ್, ಟೈರ್ ಎಲ್ಲವೂ ತಮ್ಮ ಪಾಲು ತಿನ್ನುತ್ತವೆ. ಹಾಗಾಗಿ ಸ್ಟಾಕ್ ಗಾಡಿ, ಅಂದರೆ ಏನೂ ಬದಲಿಸದ ಗಾಡಿ, ಚಕ್ರದಲ್ಲಿ 40ರ ಆಸುಪಾಸು ತೋರಿಸಿದರೆ ಗಾಬರಿ ಬೇಡ. ಎಂಜಿನ್ ಸರಿಯಾಗೇ ಇದೆ.

ಈಗ ಹಾಸನದವರ ಎರಡು ಹಾಳೆಗೆ ಬರೋಣ. 42 ಇದ್ದ ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಎಸ್‌ಟಿಡಿ’ ಎಂದಿತ್ತು. 40 ಇದ್ದದ್ದರಲ್ಲಿ ‘ಎಸ್‌ಎಇ’. ಇವೆರಡೂ ತಿದ್ದುಪಡಿಯ ಲೆಕ್ಕಗಳು. ಗಾಳಿಯ ಒತ್ತಡ, ಬಿಸಿ, ತೇವ ದಿನದಿನಕ್ಕೂ ಊರೂರಿಗೂ ಬೇರೆ. ಗಾಳಿ ತೆಳುವಾದರೆ ಎಂಜಿನ್ನಿಗೆ ಉಸಿರು ಕಡಿಮೆ, ಶಕ್ತಿಯೂ ಕಡಿಮೆ. ಅದಕ್ಕೆ ಅಳೆದ ಅಂಕಿಯನ್ನು ಒಂದು ಮಾದರಿ ಹವೆಗೆ ಹೊಂದಿಸಿ ಬರೆಯುತ್ತಾರೆ. ಎಸ್‌ಎಇ ಲೆಕ್ಕ 25 ಡಿಗ್ರಿ ಸೆಲ್ಸಿಯಸ್, 990 ಮಿಲಿಬಾರ್ ಒಣ ಗಾಳಿಯನ್ನು ಮಾದರಿ ಎಂದು ಹಿಡಿಯುತ್ತದೆ. ಎಸ್‌ಟಿಡಿ ಇನ್ನೂ ತಂಪಾದ, ದಟ್ಟವಾದ ಗಾಳಿಯನ್ನು ಹಿಡಿಯುತ್ತದೆ. ಹಾಗಾಗಿ ಅದೇ ಗಾಡಿ, ಅದೇ ಓಟಕ್ಕೆ ಎಸ್‌ಟಿಡಿ ಅಂಕಿ ಸುಮಾರು ಶೇ 4ರಷ್ಟು ಜಾಸ್ತಿ ಬರುತ್ತದೆ. 40ಕ್ಕೆ ಶೇ 4 ಸೇರಿಸಿ, 41.6 ಆಯಿತು. ಆ ಎರಡು ಗ್ಯಾರೇಜ್‌ಗಳ ನಡುವಿನ ವ್ಯತ್ಯಾಸ ಅಲ್ಲೇ ಕರಗಿಹೋಯಿತು.

ಬೆಂಗಳೂರಿನಲ್ಲಿ ಈ ತಿದ್ದುಪಡಿ ದೊಡ್ಡದು. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 910 ಮಿಲಿಬಾರ್ ಹತ್ತಿರ. ಎಸ್‌ಎಇ ಲೆಕ್ಕ ಹಾಕಿದರೆ ಅಳೆದ ಅಂಕಿಯನ್ನು 1.12ರಿಂದ 1.13ರಷ್ಟು ಗುಣಿಸಬೇಕಾಗುತ್ತದೆ. ಮಂಗಳೂರಿನಲ್ಲಿ ಅದೇ ಸಂಖ್ಯೆ 1.02ರ ಸುತ್ತಮುತ್ತ. ಅಂದರೆ ಬೆಂಗಳೂರಿನ ಹಾಳೆಯಲ್ಲಿ 40 ಇದ್ದರೆ, ಅವತ್ತು ಚಕ್ರ ನಿಜವಾಗಿ ಕೊಟ್ಟದ್ದು 35 ಚಿಲ್ಲರೆ. ಘಾಟಿ ಇಳಿದು ಉಪ್ಪಿನಂಗಡಿ ತಲುಪಿದಾಗ ಗಾಡಿಗೆ ಹೊಸ ಜೀವ ಬಂದ ಹಾಗೆ ಅನಿಸುತ್ತದಲ್ಲ, ಅದು ಭ್ರಮೆಯಲ್ಲ. ಅಲ್ಲಿ ಗಾಳಿ ದಪ್ಪ.

ತಿದ್ದುಪಡಿ ತಪ್ಪಲ್ಲ. ಆದರೆ ಮೊದಲಿನ ಓಟವನ್ನು ತಿದ್ದದೆ, ಆಮೇಲಿನದನ್ನು ತಿದ್ದಿ ಪಕ್ಕಪಕ್ಕ ಇಟ್ಟರೆ ಏನೂ ಮಾಡದೆಯೇ ಶೇ 12 ಲಾಭ ಕಾಣುತ್ತದೆ. ಹಿಂದೊಮ್ಮೆ ನನಗೇ ಒಂದು ಕಡೆ ಹೀಗಾಯಿತು. ಸೈಲೆನ್ಸರ್ ಹಾಕುವ ಮೊದಲು ತೆಗೆದ ಓಟ ತಣ್ಣಗಿನ ಎಂಜಿನ್‌ನಲ್ಲಿ, ತಿದ್ದುಪಡಿ ಇಲ್ಲದೆ. ಹಾಕಿದ ಮೇಲಿನದ್ದು ಚೆನ್ನಾಗಿ ಬಿಸಿಯಾದ ಎಂಜಿನ್‌ನಲ್ಲಿ, ಎಸ್‌ಟಿಡಿ ತಿದ್ದುಪಡಿಯೊಂದಿಗೆ. ಹಾಳೆ ನೋಡಿ ಖುಷಿಯಿಂದ ಮನೆಗೆ ಬಂದೆ. ಮರುದಿನ ಯಶವಂತಪುರದ ಸಿಗ್ನಲ್‌ನಲ್ಲಿ ಗಾಡಿ 2,500 ಆರ್‌ಪಿಎಂ ಹತ್ತಿರ ಕೆಮ್ಮತೊಡಗಿತು. ದುಡ್ಡು ಹೋಗಿದ್ದಕ್ಕಿಂತ, ನಂಬಿ ಕೊಟ್ಟಿದ್ದೆನಲ್ಲ ಅನ್ನುವುದೇ ಜಾಸ್ತಿ ನೋವು ಕೊಟ್ಟಿತು. ಈ ಬರಹ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಇನ್ನು ಯಂತ್ರದ ಬಗೆ. ಇನರ್ಷಿಯಾ ಡೈನೊದಲ್ಲಿ ಗೊತ್ತಿರುವ ತೂಕದ ರೋಲರ್ ಎಷ್ಟು ಬೇಗ ವೇಗ ಹಿಡಿಯಿತು ಅನ್ನುವುದರಿಂದ ಲೆಕ್ಕ ಹಾಕುತ್ತಾರೆ. ಬ್ರೇಕ್ ಇರುವ ಡೈನೊದಲ್ಲಿ ಎಡ್ಡಿ ಕರೆಂಟ್‌ನಿಂದ ರೋಲರ್‌ಗೆ ತಡೆ ಕೊಟ್ಟು, ಬೇಕಾದ ಆರ್‌ಪಿಎಂನಲ್ಲಿ ಎಂಜಿನ್ನನ್ನು ಹಿಡಿದು ನಿಲ್ಲಿಸಬಹುದು. ಎರಡರ ಅಂಕಿಗಳೂ ಹೊಂದುವುದಿಲ್ಲ. ಒಂದೇ ಕಂಪನಿಯ ಎರಡು ಯಂತ್ರಗಳೂ ಪೂರ್ತಿ ಹೊಂದುವುದಿಲ್ಲ. ಹಾಗಾಗಿ ಒಂದು ಗ್ಯಾರೇಜ್‌ನ ಅಂಕಿಯನ್ನು ಇನ್ನೊಂದರ ಜೊತೆ ತೂಗಬೇಡಿ. ಅದೇ ಯಂತ್ರ, ಅದೇ ದಿನ, ಅದೇ ಗೇರ್, ಅದೇ ಟೈರ್ ಗಾಳಿ, ಅದೇ ತಿದ್ದುಪಡಿ. ಮೊದಲಿನದ್ದಕ್ಕೂ ಆಮೇಲಿನದ್ದಕ್ಕೂ ಇದು ಹೀಗೇ ಇದ್ದರೆ ಮಾತ್ರ ಹೋಲಿಕೆ. ಎರಡೂ ಸಲ ಮೂರು ಮೂರು ಓಟ ತೆಗೆಸಿ. ಏನೂ ಬದಲಿಸದೆಯೂ ಓಟದಿಂದ ಓಟಕ್ಕೆ ಅರ್ಧ, ಮುಕ್ಕಾಲು ಬಿಎಚ್‌ಪಿ ಹಿಂದೆಮುಂದೆ ಆಗುತ್ತದೆ. ಆದ್ದರಿಂದ “ಒಂದು ಬಿಎಚ್‌ಪಿ ಏರಿದೆ” ಅನ್ನುವ ಒಂದೇ ಓಟದ ಹಾಳೆ ಏನನ್ನೂ ಸಾಬೀತು ಮಾಡುವುದಿಲ್ಲ.

ಗೆರೆಗಳು ತೀರಾ ನಯವಾಗಿದ್ದರೂ ಅನುಮಾನ ಪಡಿ. ತಂತ್ರಾಂಶದಲ್ಲಿ ಸ್ಮೂತಿಂಗ್ ಅನ್ನುವುದಿದೆ, ಅದನ್ನು ಏರಿಸಿದಷ್ಟೂ ಗುಂಡಿಗಳು ಮುಚ್ಚಿಹೋಗುತ್ತವೆ. ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,121ರಿಂದ ಭಾಗಿಸಿದರೆ ಬಿಎಚ್‌ಪಿ ಬರಬೇಕು. ಎರಡೂ ಗೆರೆ ಒಂದೇ ಅಳತೆಯಲ್ಲಿ ಬಿಡಿಸಿದ್ದರೆ ಅವು 7,121 ಆರ್‌ಪಿಎಂನಲ್ಲೇ ಒಂದನ್ನೊಂದು ದಾಟಬೇಕು. ಟಾರ್ಕ್ ಪೌಂಡ್-ಅಡಿ ಲೆಕ್ಕದಲ್ಲಿದ್ದರೆ 5,252ರಲ್ಲಿ. ಬೇರೆ ಎಲ್ಲೋ ದಾಟಿದರೆ ಹಾಳೆಯಲ್ಲೇ ಏನೋ ತಪ್ಪಿದೆ.

ತುದಿಯ ಅಂಕಿಯನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು 3,000ದಿಂದ 5,500ರ ನಡುವಿನ ಟಾರ್ಕ್ ಗೆರೆಯನ್ನು. ಹೀಗೆ ಇಟ್ಟುಕೊಳ್ಳಿ. ಒಂದು ಸೈಲೆನ್ಸರ್ ತುದಿಯಲ್ಲಿ 1 ಬಿಎಚ್‌ಪಿ ಜಾಸ್ತಿ ಕೊಡುತ್ತದೆ. ಇನ್ನೊಂದು ತುದಿಯಲ್ಲಿ ಏನೂ ಕೊಡುವುದಿಲ್ಲ, ಆದರೆ 3,500ರಲ್ಲಿ 42 ಇದ್ದ ಟಾರ್ಕನ್ನು 45 ಮಾಡುತ್ತದೆ. ಎರಡನೆಯದರಲ್ಲಿ ಲಾರಿ ದಾಟುವಾಗ ಶೇ 7ರಷ್ಟು ಹೆಚ್ಚು ಎಳೆತ, ಅದೂ ಗೇರ್ ಇಳಿಸದೆ. ದಿನಾ ಓಡಿಸುವವನಿಗೆ ಯಾವುದು ಬೇಕು? ತುದಿಯ ಶಕ್ತಿ ಸಿಗುವ 7,000 ಆರ್‌ಪಿಎಂಗೆ ನೀವು ವಾರಕ್ಕೆ ಎಷ್ಟು ಸೆಕೆಂಡ್ ಹೋಗುತ್ತೀರಿ?

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹಾಳೆಯಲ್ಲಿರುವ ಗೆರೆ ಪೂರ್ತಿ ಥ್ರಾಟಲ್‌ನದ್ದು. ನಾವು ಓಡಿಸುವುದು ಕಾಲು ಥ್ರಾಟಲ್‌ನಲ್ಲಿ. ಎಂಜಿನ್‌ನ ಇಂಧನದ ಮ್ಯಾಪ್ ಒಂದು ಕೋಷ್ಟಕದ ಹಾಗಿರುತ್ತದೆ, ಅಡ್ಡಕ್ಕೆ ಥ್ರಾಟಲ್, ಉದ್ದಕ್ಕೆ ಆರ್‌ಪಿಎಂ. ಪೂರ್ತಿ ಥ್ರಾಟಲ್ ಓಟ ಮುಟ್ಟುವುದು ಅದರ ಕೊನೆಯ ಒಂದು ಸಾಲನ್ನು ಮಾತ್ರ. ಉಳಿದ ಸಾಲುಗಳನ್ನು ಸರಿಮಾಡಬೇಕಾದರೆ ಬ್ರೇಕ್ ಇರುವ ಡೈನೊ ಬೇಕು, ತಾಳ್ಮೆ ಬೇಕು, ಒಂದೆರಡು ಗಂಟೆಯಾದರೂ ಬೇಕು. ಹಾಳೆಯಲ್ಲಿ ಅದು ಕಾಣುವುದೇ ಇಲ್ಲ. ಆದರೆ ಸಿಗ್ನಲ್‌ನಲ್ಲಿ ಗಾಡಿ ಎಳೆದುಬಿಡದೆ ಮೆತ್ತಗೆ ಹೊರಡುತ್ತದಲ್ಲ, ಆ ಸುಖವೆಲ್ಲ ಆ ಕಾಣದ ಸಾಲುಗಳಲ್ಲಿದೆ.

ಕೊನೆಯದಾಗಿ ಕೆಳಗಿನ ಸಣ್ಣ ಗೆರೆ, ಎಎಫ್‌ಆರ್. ಗಾಳಿಗೂ ಪೆಟ್ರೋಲಿಗೂ ಇರುವ ಪ್ರಮಾಣ. ಶುದ್ಧ ಪೆಟ್ರೋಲಿಗೆ 14.7 ಸರಿಸಮ (ಗಾಳಿ, ಪೆಟ್ರೋಲ್ ಎರಡೂ ಉಳಿಯದೆ ಉರಿಯುವ ಪ್ರಮಾಣ), ಪೂರ್ತಿ ಥ್ರಾಟಲ್‌ನಲ್ಲಿ 13ರ ಹತ್ತಿರ ಇದ್ದರೆ ಶಕ್ತಿಯೂ ಬರುತ್ತದೆ, ಎಂಜಿನ್ನೂ ತಂಪಾಗಿರುತ್ತದೆ. ಆದರೆ ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದಕ್ಕೆ ಸರಿಸಮ ಪ್ರಮಾಣ ಸುಮಾರು 13.5. ಇ10ಕ್ಕೆ ಹೊಂದಿಸಿದ ಹಳೆಯ ಮ್ಯಾಪ್‌ನಲ್ಲಿ ಇ20 ಹಾಕಿದರೆ ಪೂರ್ತಿ ಥ್ರಾಟಲ್‌ನಲ್ಲಿ ಮಿಶ್ರಣ ಸುಮಾರು ಶೇ 4ರಷ್ಟು ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಸಾಲದಾಗುತ್ತದೆ. ಹೆಚ್ಚಿನ ಸೆನ್ಸರ್‌ಗಳು ನಿಜಕ್ಕೂ ಅಳೆಯುವುದು ಲ್ಯಾಂಬ್ಡಾವನ್ನು, ಅಂದರೆ ಮಿಶ್ರಣ ಸರಿಸಮಕ್ಕಿಂತ ಎಷ್ಟು ಆಚೀಚೆ ಇದೆ ಅನ್ನುವುದನ್ನು (ಸರಿಸಮವಾದರೆ 1), ಅದನ್ನು 14.7ರಿಂದ ಗುಣಿಸಿ ತೋರಿಸುತ್ತವೆ. ಹಾಗಾಗಿ ಟ್ಯೂನರ್‌ಗೆ ಎಎಫ್‌ಆರ್ ಕೇಳಬೇಡಿ, ಲ್ಯಾಂಬ್ಡಾ ಕೇಳಿ. ಪೂರ್ತಿ ಥ್ರಾಟಲ್‌ನಲ್ಲಿ 0.88ರ ಸುತ್ತ ಇದ್ದರೆ ನೆಮ್ಮದಿ. ಗೆರೆ 1ರ ಕಡೆಗೆ ಏರುತ್ತಿದ್ದರೆ ಎಷ್ಟೇ ಬಿಎಚ್‌ಪಿ ಬಂದಿದ್ದರೂ ಆ ಮ್ಯಾಪ್ ಬೇಡ.

ಈಗ ಆಯ್ಕೆಗಳು

ಸರ್ವಿಸ್. ಇದನ್ನು ಟ್ಯೂನಿಂಗ್ ಅಂತ ಯಾರೂ ಕರೆಯುವುದಿಲ್ಲ, ಆದರೆ ನನ್ನ ಪಟ್ಟಿಯಲ್ಲಿ ಇದೇ ಮೊದಲು. ಟ್ಯಾಪೆಟ್ (ವಾಲ್ವ್‌ಗಳ ಸಂದು) ಸರಿಮಾಡುವುದು, ಪ್ಲಗ್, ಏರ್ ಫಿಲ್ಟರ್, ಚೈನ್‌ನ ಬಿಗಿ, ಟೈರ್ ಗಾಳಿ. 650ರಲ್ಲಿ ಟ್ಯಾಪೆಟ್ ಸ್ಕ್ರೂ ಮತ್ತು ಲಾಕ್‌ನಟ್ ಬಗೆಯದು, ಅನುಭವ ಇರುವ ಮೆಕ್ಯಾನಿಕ್‌ಗೆ ಕಷ್ಟದ ಕೆಲಸವಲ್ಲ. ಎರಡು ಸಿಲಿಂಡರ್, ಎಂಟು ವಾಲ್ವ್. ಒಂದು ಬಿಗಿಯಾಗಿದ್ದರೂ ಐಡಲ್ ಕೆಡುತ್ತದೆ. ಖರ್ಚು ಕೆಲವೇ ಸಾವಿರ, ಕಾನೂನಿನ ತೊಂದರೆ ಇಲ್ಲ, ವಾರಂಟಿಗೆ ಧಕ್ಕೆ ಇಲ್ಲ. ಇದನ್ನು ಮಾಡಿಸದೆ ಡೈನೊ ಹತ್ತಿಸಿದರೆ ಮುಂದೆ ಸಿಗುವ ಲಾಭದಲ್ಲಿ ಅರ್ಧ ಬರೀ ಸರ್ವಿಸ್‌ನದ್ದೇ ಆಗಿರಬಹುದು, ನಿಮಗೆ ಗೊತ್ತೂ ಆಗುವುದಿಲ್ಲ.

ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ. ಪಿಕಪ್ ಒಂದೇ ಬೇಕು ಅನ್ನುವವರಿಗೆ ಇಷ್ಟು ಅಗ್ಗದ ದಾರಿ ಬೇರೆ ಇಲ್ಲ. ಮುಂದೆ 15 ಹಲ್ಲು ಇರುವ ಕಡೆ 14 ಹಾಕಿದರೆ ಪ್ರತಿ ಗೇರ್‌ನಲ್ಲೂ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ 7 ಏರುತ್ತದೆ. ಡೈನೊ ಹಾಳೆಯಲ್ಲಿ ಬಿಎಚ್‌ಪಿ ಹಾಗೇ ಇರುತ್ತದೆ, ಯಾಕೆಂದರೆ ಎಂಜಿನ್ ಬದಲಾಗಿಲ್ಲ. ಹೆದ್ದಾರಿಯಲ್ಲಿ ಮಾತ್ರ ಅದೇ ವೇಗಕ್ಕೆ ಆರ್‌ಪಿಎಂ ಜಾಸ್ತಿ, ಮೈಲೇಜ್ ಸ್ವಲ್ಪ ಕಡಿಮೆ. 650 ಈಗಾಗಲೇ ಕೆಳಗಿನ ಆರ್‌ಪಿಎಂನಲ್ಲಿ ಚೆನ್ನಾಗಿ ಎಳೆಯುತ್ತದೆ. ಹಾಗಾಗಿ ಇದಕ್ಕೆ ಅಷ್ಟು ಬೇಕಿಲ್ಲ. ಘಾಟಿಯಲ್ಲಿ ಇಬ್ಬರು ಕೂತು ಓಡಾಡುವ ಸಣ್ಣ ಗಾಡಿಯವರು ಖಂಡಿತ ಯೋಚಿಸಬಹುದು.

ಬರೀ ಸೈಲೆನ್ಸರ್ ಮತ್ತು ಫಿಲ್ಟರ್. ಎಲ್ಲರೂ ಮೊದಲು ಹಾಕಿಸುವುದು ಇದನ್ನೇ, ನಾನು ಕೊನೆಗೆ ಹೇಳುವುದೂ ಇದನ್ನೇ. 650ಕ್ಕೆ ಎರಡು ಸೈಲೆನ್ಸರ್, ಹಾಗಾಗಿ ಖರ್ಚೂ ಜೋಡಿ ಲೆಕ್ಕ. ಒಳ್ಳೆಯದು ಒಂದೇ, ತೂಕ. ಸ್ಟಾಕ್ ಸೈಲೆನ್ಸರ್‌ಗಳು ಭಾರ, ಅವು ಹೋದರೆ ಕೆಲವು ಕಿಲೊ ಇಳಿಯುತ್ತದೆ. ಶಕ್ತಿ ಒಂದೆರಡು ಬಿಎಚ್‌ಪಿ ಬಂದರೆ ಅದೇ ಹೆಚ್ಚು. ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ, ಆದರೆ ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ತನ್ನ ಹಳೆಯ ಲೆಕ್ಕದಲ್ಲೇ ಪೆಟ್ರೋಲ್ ಕೊಡುತ್ತದೆ. ಮೆಲ್ಲಗೆ ಓಡಿಸುವಾಗ ಲ್ಯಾಂಬ್ಡಾ ಸೆನ್ಸರ್ ನೋಡಿ ತಿದ್ದಿಕೊಳ್ಳುತ್ತದೆ, ಜೋರಾಗಿ ತಿರುವಿದಾಗ ತಿದ್ದುವುದಿಲ್ಲ. ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಇ20 ಸೇರಿದರೆ ಇನ್ನೂ ತೆಳು. ಒಳಗೆ ಶಬ್ದ ತಡೆಯುವ ಬ್ಯಾಫಲ್ ತೆಗೆದರಂತೂ ಮಧ್ಯದ ಟಾರ್ಕ್ ಗೆರೆಯಲ್ಲಿ ಗುಂಡಿ ಬೀಳುವುದೇ ಜಾಸ್ತಿ. ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವ ಮಾತು ಬಂದರೆ ದಯವಿಟ್ಟು ಬೇಡ ಅನ್ನಿ. ಹೊಗೆ ತಪಾಸಣೆ, ದಂಡ ಒಂದು ಕಡೆ ಇರಲಿ, ನಮ್ಮ ಹಿಂದೆ ಸ್ಕೂಟರಿನಲ್ಲಿ ಬರುವ ಮಗುವೂ ಅದೇ ಗಾಳಿ ಕುಡಿಯುತ್ತದೆ.

ಇಂಧನ ಮಾತ್ರ ತಿದ್ದುವ ಕಂಟ್ರೋಲರ್. ಇದು ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂರುವ ಪುಟ್ಟ ಡಬ್ಬಿ. ಕಂಪನಿಯ ಕಪ್ಲರ್‌ಗೇ ಸಿಕ್ಕಿಸಬಹುದು, ವೈರ್ ಕತ್ತರಿಸಬೇಕಿಲ್ಲ. ಬೇಡ ಅನಿಸಿದ ದಿನ ಕಿತ್ತಿಟ್ಟರೆ ಗಾಡಿ ಮೊದಲಿನಂತೆ. ಬೆಂಗಳೂರಿನದೇ ಆದ ರೇಸ್ ಡೈನಮಿಕ್ಸ್‌ನ ಫ್ಯೂಯಲ್‌ಎಕ್ಸ್ ಈ ಬಗೆಯದು. ನನ್ನ ಅನುಭವದಲ್ಲಿ ದಿನನಿತ್ಯದ ಓಡಾಟಕ್ಕೆ ಕೊಟ್ಟ ದುಡ್ಡಿಗೆ ಹೆಚ್ಚು ಲಾಭ ಸಿಗುವುದು ಇಲ್ಲೇ. ತುದಿಯ ಅಂಕಿ ಹೆಚ್ಚು ಏರುವುದಿಲ್ಲ. ಆದರೆ ಮಾಲಿನ್ಯದ ನಿಯಮಕ್ಕಾಗಿ ತೆಳುವಾಗಿಟ್ಟಿರುವ ಕಡೆಗಳಲ್ಲಿ ಸ್ವಲ್ಪ ಪೆಟ್ರೋಲ್ ಸೇರುವುದರಿಂದ ಕಾಲು ಥ್ರಾಟಲ್‌ನ ಎಳೆದಾಟ ಕಡಿಮೆಯಾಗುತ್ತದೆ, ಎಂಜಿನ್ ಕಾವು ಇಳಿಯುತ್ತದೆ. ಬದಲಿಗೆ ಮೈಲೇಜ್ ಒಂದಷ್ಟು ಕೊಡಬೇಕು. ಹೊಗೆಯೂ ಕಂಪನಿ ಇಟ್ಟಿದ್ದಕ್ಕಿಂತ ಹೆಚ್ಚಾಗುತ್ತದೆ. ಹಾಕುವ ಮೊದಲು ವಾರಂಟಿ ಬಗ್ಗೆ ಶೋರೂಮ್‌ನಲ್ಲಿ ಬಾಯಿಬಿಟ್ಟು ಕೇಳಿ.

ಇಂಧನ ಮತ್ತು ಇಗ್ನಿಷನ್ ಎರಡನ್ನೂ ತಿದ್ದುವ ಪಿಗ್ಗಿಬ್ಯಾಕ್. ಇದೂ ಕಂಪನಿಯ ಇಸಿಯುಗೆ ಜೋಡಿಸುವ ಡಬ್ಬಿಯೇ. ಅದೇ ಕಂಪನಿಯ ಪವರ್‌ಟ್ರಾನಿಕ್ ಇದಕ್ಕೆ ಉದಾಹರಣೆ. ಕಿಡಿ ಹೊತ್ತುವ ಗಳಿಗೆಯನ್ನೂ ಮುಂದೆ ತರಬಹುದು, ಆರ್‌ಪಿಎಂ ಮಿತಿ ಏರಿಸಬಹುದು, ಎರಡು ಮ್ಯಾಪ್ ಇಟ್ಟುಕೊಂಡು ಸ್ವಿಚ್ಚಿನಲ್ಲಿ ಬದಲಿಸಬಹುದು. ಮಧ್ಯದ ಆರ್‌ಪಿಎಂನಲ್ಲಿ ಲಾಭ ಕೈಗೆ ಗೊತ್ತಾಗುತ್ತದೆ. ಆದರೆ ಇಲ್ಲಿ ನಮ್ಮ ರಾಜ್ಯದವರು ಗಮನಿಸಲೇಬೇಕಾದ ಒಂದು ಸಂಗತಿ ಇದೆ. ಬೆಂಗಳೂರಿನ ತೆಳು ಗಾಳಿಯಲ್ಲಿ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಒಳಗಿನ ಒತ್ತಡ ಕಡಿಮೆ. ಅಲ್ಲಿ ಇಗ್ನಿಷನ್ನನ್ನು ಅಂಚಿನವರೆಗೆ ಮುಂದೆ ತಂದರೂ ನಾಕಿಂಗ್, ಅಂದರೆ ಸಿಲಿಂಡರಿನ ಮಿಶ್ರಣ ತಾನಾಗೇ ಸಿಡಿಯುವ ಶಬ್ದ, ಕೇಳಿಸದೆ ಇರಬಹುದು. ಅದೇ ಗಾಡಿ ಏಪ್ರಿಲ್ ಬಿಸಿಲಿನಲ್ಲಿ ಮಂಗಳೂರಿಗೆ ಇಳಿದಾಗ ಸಿಲಿಂಡರ್ ಹೆಚ್ಚು ತುಂಬುತ್ತದೆ, ಎಂಜಿನ್ನಿನಿಂದ ಕಟಕಟ ಶಬ್ದ ಶುರುವಾಗಬಹುದು. ಪಿಸ್ಟನ್‌ಗೆ ಅದು ಒಳ್ಳೆಯದಲ್ಲ. ಕರಾವಳಿಗೆ ಹೋಗುವವರು ಟ್ಯೂನರ್‌ಗೆ ಮೊದಲೇ ಹೇಳಿ, ಒಂದೆರಡು ಡಿಗ್ರಿ ಬಿಟ್ಟುಕೊಡುವಂತೆ ಕೇಳಿ. ಎರಡನೇ ಮ್ಯಾಪನ್ನು ಕರಾವಳಿಗೆಂದೇ ಇಟ್ಟುಕೊಳ್ಳುವುದು ಇನ್ನೂ ಜಾಣತನ.

ಇಸಿಯು ಫ್ಲ್ಯಾಶ್. ಹೊರಗಿನ ಡಬ್ಬಿ ಇಲ್ಲ, ಕಂಪನಿಯ ಇಸಿಯು ಒಳಗಿನ ಮ್ಯಾಪನ್ನೇ ಬದಲಿಸುತ್ತಾರೆ. ಕೆಲಸ ಅಚ್ಚುಕಟ್ಟು, ಸಡಿಲಾಗುವ ಕಪ್ಲರ್ ಇಲ್ಲ. ಕೆಟಿಎಂ 390ರಂತೆ ಥ್ರಾಟಲ್ಲೂ ಎಲೆಕ್ಟ್ರಾನಿಕ್ ಆಗಿರುವ ಗಾಡಿಗಳಲ್ಲಿ ಇದರ ಲಾಭ ಇನ್ನೂ ದೊಡ್ಡದು, ಥ್ರಾಟಲ್ ಸ್ಪಂದಿಸುವ ಬಗೆಯನ್ನೇ ತಿದ್ದಬಹುದು. 650ರಲ್ಲಿ ಥ್ರಾಟಲ್ ಕೇಬಲ್‌ನದ್ದು, ಆ ಲಾಭ ಇಲ್ಲ. ತೊಂದರೆ ಏನೆಂದರೆ ಮಾಡುವವರ ಕೈಗುಣವೇ ಎಲ್ಲ. ಬೇರೆ ಯಾವುದೋ ಗಾಡಿಗೆ ಬರೆದ ಫೈಲನ್ನು ನಿಮ್ಮದಕ್ಕೂ ಹಾಕಿ ಕಳಿಸುವವರಿದ್ದಾರೆ. ಮೂಲ ಫೈಲ್ ನಿಮ್ಮ ಕೈಗೆ ಕೊಡುತ್ತಾರಾ, ನಿಮ್ಮ ಗಾಡಿಯ ಮೇಲೆಯೇ ಡೈನೊದಲ್ಲಿ ಮ್ಯಾಪ್ ಮಾಡುತ್ತಾರಾ ಕೇಳಿ. ಶೋರೂಮ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ನಿಮ್ಮ ಮ್ಯಾಪ್ ಅಳಿಸಿಹೋಗಲೂಬಹುದು.

ಕ್ಯಾಮ್, ಪಿಸ್ಟನ್, ಬಿಗ್ ಬೋರ್ (ಸಿಲಿಂಡರನ್ನೇ ಅಗಲ ಮಾಡುವುದು). ಇಲ್ಲಿಗೆ ಬಂದರೆ ಎಂಜಿನ್ ಬಿಚ್ಚಲೇಬೇಕು. ಸ್ಟಾಕ್ ಎಂಜಿನ್ 78 ಮಿಲಿಮೀಟರ್ ಬೋರ್, 67.8 ಸ್ಟ್ರೋಕ್, 9.5ಕ್ಕೆ 1 ಕಂಪ್ರೆಷನ್. ಇದಕ್ಕೆ ಅಮೆರಿಕದ ಎಸ್ ಆ್ಯಂಡ್ ಎಸ್ ಸೈಕಲ್ ಕಂಪನಿಯ 865 ಸಿಸಿ ಕಿಟ್ ಇದೆ. ಸಿಸಿ ಮೂರನೇ ಒಂದು ಭಾಗದಷ್ಟು ಏರುತ್ತದೆ. ಹಾಳೆಯಲ್ಲಿ ಎಲ್ಲೆಡೆ ಎದ್ದು ಕಾಣುವ ನಿಜವಾದ ಲಾಭ ಸಿಗುವುದು ಇಲ್ಲಿ ಮಾತ್ರ. ಆದರೆ ಕ್ಲಚ್, ಇಂಜೆಕ್ಟರ್, ಮ್ಯಾಪ್ ಎಲ್ಲವನ್ನೂ ಜೊತೆಗೆ ನೋಡಬೇಕು, ಖರ್ಚು ಲಕ್ಷ ದಾಟುತ್ತದೆ, ವಾರಂಟಿ ಮುಗಿದಂತೆ, ಆರ್‌ಸಿಯಲ್ಲಿರುವ ಸಿಸಿಗೂ ಎಂಜಿನ್ನಿಗೂ ಹೊಂದುವುದಿಲ್ಲ. ರಸ್ತೆಯ ಗಾಡಿಗೆ ನಾನು ಹೇಳುವುದಿಲ್ಲ. ಟ್ರ್ಯಾಕ್‌ಗೆಂದೇ ಇಟ್ಟ ಗಾಡಿಯಾದರೆ, ಬ್ರೇಕು ಸಸ್ಪೆನ್ಷನ್ ಮೊದಲು ಸರಿಮಾಡಿಸಿ ಆಮೇಲೆ ಇದಕ್ಕೆ ಕೈಹಾಕಿ.

ಯಾರಿಗೆ ಯಾವುದು

ಕೈಯಲ್ಲಿ ಹತ್ತು ಸಾವಿರದೊಳಗೆ ಇದ್ದರೆ ಸರ್ವಿಸ್ ಮತ್ತು ಒಳ್ಳೆಯ ಟೈರ್ ಗಾಳಿ, ಉಳಿದ ದುಡ್ಡಿನಲ್ಲಿ ಒಂದು ಬೇಸ್ ರನ್. ಅಂದರೆ ಏನೂ ಹಾಕಿಸುವ ಮೊದಲು ತೆಗೆಸುವ ಡೈನೊ ಓಟ. ಆ ಹಾಳೆಯನ್ನು ಜೋಪಾನ ಮಾಡಿ. ಮುಂದೆ ಯಾರು ಏನು ಹೇಳಿದರೂ ಅದೇ ನಿಮ್ಮ ತಕ್ಕಡಿ.

ಊರೊಳಗೆ ಓಡಾಡುವವರು, ಎಳೆದಾಟ ಮತ್ತು ಕಾವು ತಾಳಲಾರದವರು, ಇಪ್ಪತ್ತು ಸಾವಿರದ ಆಸುಪಾಸು ಖರ್ಚು ಮಾಡಬಲ್ಲವರು ಇಂಧನದ ಕಂಟ್ರೋಲರ್‌ಗೆ ನಿಲ್ಲಿ. ಸೈಲೆನ್ಸರ್ ಸ್ಟಾಕ್‌ನದ್ದೇ ಇರಲಿ. ಉದ್ದ ಪ್ರಯಾಣ, ಘಾಟಿ, ಲಗೇಜು ಇರುವವರು ಇಗ್ನಿಷನ್ನೂ ತಿದ್ದುವ ಪಿಗ್ಗಿಬ್ಯಾಕ್ ನೋಡಬಹುದು, ಆದರೆ ಬ್ರೇಕ್ ಇರುವ ಡೈನೊದಲ್ಲಿ ಕಾಲು ಮತ್ತು ಅರ್ಧ ಥ್ರಾಟಲ್ ಮ್ಯಾಪ್ ಮಾಡಿಕೊಡುವವರು ಸಿಕ್ಕರೆ ಮಾತ್ರ. ಸಿಗದಿದ್ದರೆ ಕಂಟ್ರೋಲರ್‌ಗೇ ಸಾಕು ಮಾಡಿ. ವಾರಂಟಿ ಇನ್ನೂ ಇರುವ ಹೊಸ ಗಾಡಿಯವರು ಮೊದಲು ಹತ್ತು ಸಾವಿರ ಕಿಲೋಮೀಟರ್ ಓಡಿಸಿ. ಎಂಜಿನ್ ಸಡಿಲಾದ ಮೇಲೆ ನಿಮಗೆ ನಿಜಕ್ಕೂ ಏನು ಬೇಕು ಅನ್ನುವುದು ಬದಲಾಗಿರುತ್ತದೆ.

ಗ್ಯಾರೇಜ್ ಆರಿಸುವಾಗ ಫೋನಿನಲ್ಲೇ ಕೇಳಬಹುದಾದ ಪ್ರಶ್ನೆಗಳು ಕೆಲವೇ. ಡೈನೊ ಬ್ರೇಕ್ ಇರುವುದಾ? ಯಾವ ತಿದ್ದುಪಡಿ ಹಾಕುತ್ತೀರಿ, ಮೊದಲು ಮತ್ತು ಆಮೇಲೆ ಒಂದೇನಾ? ಎಷ್ಟು ಓಟ ತೆಗೆಯುತ್ತೀರಿ? ಲ್ಯಾಂಬ್ಡಾ ಗೆರೆಯನ್ನೂ ಹಾಳೆಯಲ್ಲಿ ಕೊಡುತ್ತೀರಾ? ಓಟದ ಮೂಲ ಫೈಲ್ ಕೊಡುತ್ತೀರಾ? ಒಳ್ಳೆಯ ಟ್ಯೂನರ್ ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ನನಗೆ ಗೊತ್ತಿರುವ ಒಬ್ಬರು “ಎಷ್ಟು ಬಿಎಚ್‌ಪಿ ಏರುತ್ತೆ?” ಅಂತ ಕೇಳಿದವರಿಗೆ “ನೀವು ಎಲ್ಲಿ ಓಡಿಸ್ತೀರಾ?” ಅಂತ ತಿರುಗಿ ಕೇಳುತ್ತಾರೆ. ನನ್ನ ಗಾಡಿ ಈಗ ಅವರ ಕೈಯಲ್ಲೇ ಇದೆ.

ಹಾಸನದವರಿಗೂ ನಾನು ಅದೇ ಪ್ರಶ್ನೆ ಕೇಳಿದೆ. ವಾರದಲ್ಲಿ ಐದು ದಿನ ಹಾಸನದಿಂದ ಸಕಲೇಶಪುರಕ್ಕೆ ಹೋಗಿಬರುತ್ತಾರಂತೆ, ತಿಂಗಳಿಗೊಮ್ಮೆ ಶಿರಾಡಿ ಇಳಿದು ಧರ್ಮಸ್ಥಳ. 6,000 ಆರ್‌ಪಿಎಂ ದಾಟಿದ್ದು ನೆನಪೇ ಇಲ್ಲ ಅಂದರು. ಟ್ಯಾಪೆಟ್ ನೋಡಿಸಿ ಎಷ್ಟು ದಿನ ಆಯಿತು ಎಂದೆ. ಒಂದು ನಿಮಿಷ ಸುಮ್ಮನಿದ್ದು, “ತಗೊಂಡಾಗಿಂದ ಮುಟ್ಟೇ ಇಲ್ಲ ಸಾರ್” ಅಂದರು. ಬರುವ ಶನಿವಾರ ಅದನ್ನು ಮಾಡಿಸಿ, ಒಂದು ತಿಂಗಳು ಓಡಿಸಿ, ಎಸ್‌ಎಇ ಹಾಳೆ ಕೊಟ್ಟ ಗ್ಯಾರೇಜ್‌ನಲ್ಲೇ ಇನ್ನೊಂದು ಬೇಸ್ ರನ್ ತೆಗೆಸುತ್ತಾರೆ. ಆಮೇಲೂ ಎಳೆದಾಟ ಉಳಿದಿದ್ದರೆ ಇಂಧನದ ಕಂಟ್ರೋಲರ್. ಸೈಲೆನ್ಸರ್‌ಗೆಂದು ಎತ್ತಿಟ್ಟ ದುಡ್ಡಿನಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸುವ ಯೋಚನೆ ಮಾಡಿದ್ದಾರೆ.